ಉಳಿದ ಒಂದೇ ಮಾತು

ಮಾತು ಕಲಿಸುವ ಡಾಕ್ಟರ ಕೋಣೆಯ ಹೊರಗೆ, ನನ್ನ ಪಕ್ಕದಲ್ಲಿ ತಾಯಿ ಮಗಳು ಕೂತಿದ್ದರು.

"ಲಕ್ವ ಹೊಡೆದ ಮೇಲೆ ಅಪ್ಪನ ಬಾಯಲ್ಲಿ 'ಕತ್ತೆ' ಒಂದೇ ಉಳಿದಿದೆಯಲ್ಲಮ್ಮ. ನಾಳೆ ನಮ್ಮ ಬೀಗರು ಬರ್ತಾರೆ."

"ಬರಲಿ. ನಲವತ್ತು ವರ್ಷ ನಾನು ಅನ್ನಿಸಿಕೊಂಡಿಲ್ವಾ? ಅವರೂ ಒಂದು ಸಲ ಅನ್ನಿಸಿಕೊಳ್ಳಲಿ."

"ಡಾಕ್ಟರು ಅದನ್ನ ಬಿಡಿಸ್ತೀನಿ ಅಂದಿದಾರೆ."

"ಬೇರೆ ಮಾತು ಎಷ್ಟಾದ್ರೂ ಕಲಿಸಲಿ, ಇದನ್ನ ಮುಟ್ಟೋದು ಬೇಡ. ಜೋರಾಗಿ ಅಂದ್ರೆ ನೀರು, ಎಳೆದು ಅಂದ್ರೆ ಕಾಫಿ."

"ಮೆಲ್ಲಗೆ ಅಂದ್ರೆ?"

ಅಷ್ಟರಲ್ಲಿ ಬಾಗಿಲು ತೆರೆಯಿತು. ಯಜಮಾನರು ಕೋಲೂರಿಕೊಂಡು ಬಂದು, ಹೆಂಡತಿಯ ಮುಖ ನೋಡಿ, ಮೆಲ್ಲಗೆ "ಕತ್ತೆ?" ಎಂದರು.

"ಹೂಂ ಕಣ್ರೀ, ಎರಡು ಬಿಸ್ಕತ್ತು ತಿಂದೆ," ಎಂದು ಆಕೆ ಅವರ ತೋಳು ಹಿಡಿದುಕೊಂಡರು.

ಮಗಳು ಬಗ್ಗಿ ಅಪ್ಪನ ಚಪ್ಪಲಿ ತಿರುಗಿಸಿಟ್ಟಳು. "ನಾನಿನ್ನೂ ಏನೂ ತಿಂದಿಲ್ಲ, ನನ್ನನ್ನೂ ಕೇಳಪ್ಪ," ಎನ್ನುತ್ತ ಅವರ ಹಿಂದೆಯೇ ಹೋದಳು.