ಮುಚ್ಚಳದ ಹೊಲಿಗೆ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ನಮ್ಮ ದೊಡ್ಡಮ್ಮನ ಮಗಳಿಗೆ ಆಗಿದ್ದು. ಅಕ್ಕ ಹೊಲಿಗೆ ಕೆಲಸದವಳು. ಇಲ್ಲದ್ದನ್ನು ಸೇರಿಸಿ ಹೇಳುವ ಪೈಕಿಯಲ್ಲ. ಆ ಕೆಲಸಕ್ಕೆ ನಮ್ಮ ಮನೆಯಲ್ಲಿ ನಾನಿದ್ದೇನೆ. ಆದರೆ ಇವತ್ತು ನಾನೂ ಏನೂ ಸೇರಿಸುತ್ತಿಲ್ಲ.

ಅವತ್ತು ರಾತ್ರಿ ಹತ್ತು ದಾಟಿತ್ತು. ಚಿತ್ರದ ತರಗತಿ ಮುಗಿಸಿ, ಸುರುಳಿ ಸುತ್ತಿದ ಚಿತ್ರವನ್ನು ಕಂಕುಳಲ್ಲಿಟ್ಟುಕೊಂಡು ಅಕ್ಕ ಒಬ್ಬಳೇ ಬರುತ್ತಿದ್ದಳು. ಮನೆಯಂಗಳದ ಹಳೆ ಬಾವಿಯ ಹತ್ತಿರ ಬಂದಾಗ ಕೇಳಿಸಿತು.

ಟಕ್ ಟಕ್... ಟಕ್.

ಒಣ ಹಲಗೆಯ ಮೇಲೆ ಬೆರಳ ಗೆಣ್ಣು ಬಿದ್ದ ಸದ್ದು.

ಆ ಬಾವಿಗೆ ಮಣ್ಣು ತುಂಬಿ ಮೂವತ್ತು ವರ್ಷ. ಅವಳ ತಮ್ಮ ಹೋಗಿದ್ದು ಅದರಲ್ಲೇ, ಆರು ವರ್ಷದವನು. ಬಾವಿಗೆ ಮರದ ಮುಚ್ಚಳವಿತ್ತು. ಆ ದಿನ ನೀರು ಸೇದಿ, ಮುಚ್ಚಳ ಹಾಕದೆ ಒಳಗೆ ಹೋದವಳು ಇವಳೇ. ಆಗ ಹನ್ನೊಂದು ವರ್ಷ. ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ನುಂಗಲೂ ಆಗದೆ ಉಗುಳಲೂ ಆಗದೆ, ಬಿಸಿ ತುಪ್ಪದ ಹಾಗೆ ಗಂಟಲಲ್ಲೇ ಇಟ್ಟುಕೊಂಡು ಬದುಕಿದಳು, ಪಾಪ.

ತರಗತಿಯ ಮೇಡಂ ಹೇಳಿದ್ದರು, “ಮನಸ್ಸಿಂದ ಹೋಗದೇ ಇರೋ ಒಂದು ಜಾಗದ ಚಿತ್ರ ಮಾಡಿ. ಬಣ್ಣ ಹಚ್ಚಿ. ಮನೇಲಿರೋ ಹಳೇದನ್ನ ಕತ್ತರಿಸಿ ಅಂಟಿಸಿ.”

ಅಕ್ಕ ದಪ್ಪ ಬಟ್ಟೆಯ ಮೇಲೆ ಮನೆಯ ಅಂಗಳ ಬರೆದಳು. ಬಾವಿಗೆ ಕಪ್ಪು ಬಳಿದಳು. ತಮ್ಮನ ನೀಲಿ ಗೀಟಿನ ಅಂಗಿ ಇನ್ನೂ ಇತ್ತು. ಅದರ ಒಂದು ತುಂಡನ್ನು ಹುಡುಗನ ಆಕಾರಕ್ಕೆ ಕತ್ತರಿಸಿ ಬಾವಿಯ ಪಕ್ಕ ಅಂಟಿಸಿದಳು. ಕೊನೆಗೆ, ಅವತ್ತು ಬಿಟ್ಟಿದ್ದ ಕೆಲಸ. ರಟ್ಟಿನ ಮುಚ್ಚಳ ಮಾಡಿ ಬಾವಿಯ ಮೇಲಿಟ್ಟಳು. ಅಂಟು ಬಿಟ್ಟುಕೊಂಡೀತೆಂದು ಅಂಟಿಸಲಿಲ್ಲ. ಹೊಲಿಗೆಯವಳಲ್ಲವೇ... ಮೊಳದುದ್ದ ದಾರ ಪೋಣಿಸಿ ಸುತ್ತಲೂ ಒತ್ತೊತ್ತಾಗಿ ಹೊಲಿದಳು. ಮೂವತ್ತು ವರ್ಷದಲ್ಲಿ ಮೊದಲ ಸಲ ಎದೆ ಹಗುರಾಯಿತಂತೆ.

ಟಕ್ ಟಕ್... ಟಕ್.

ಬಗ್ಗಿ ಬಾವಿಯ ಕಟ್ಟೆಗೆ ಕಿವಿ ಇಟ್ಟಳು. ಏನೂ ಇಲ್ಲ. ಕಲ್ಲು ತಣ್ಣಗಿತ್ತು, ಅಷ್ಟೆ.

ಸದ್ದು ಬರುತ್ತಿದ್ದದ್ದು ಕಂಕುಳಿನಿಂದ.

ಎದ್ದೆನೋ ಬಿದ್ದೆನೋ ಎಂದು ಮನೆಯೊಳಗೆ ಓಡಿದಳು. ದೊಡ್ಡಮ್ಮ ಹಾಸಿಗೆಯಲ್ಲಿ ಎದ್ದು ಕೂತಿದ್ದರು.

“ಯಾರೇ ತಟ್ತಿರೋದು?” ಪಿಸುಗುಟ್ಟಿದರು.

“ಯಾರೂ ಇಲ್ಲಮ್ಮ.”

“ಎರಡು ಸಲ... ಆಮೇಲೆ ಒಂದು. ಬಾಗಿಲು ಹಾಗೆ ತಟ್ತಿದ್ದೋನು ಅವನೊಬ್ಬನೇ.”

ಅಕ್ಕ ದೀಪದ ಕೆಳಗೆ ಚಿತ್ರ ಹರಡಿದಳು. ಬಾವಿಯ ಪಕ್ಕ ಹುಡುಗನಿಲ್ಲ. ಅಂಟಿನ ಕಲೆ ಮಾತ್ರ. ಮುಚ್ಚಳ ಭದ್ರವಾಗಿತ್ತು. ಅದರ ಅಡಿಯಿಂದ... ಟಕ್ ಟಕ್. ಟಕ್.

ಕತ್ತರಿ ತಂದಳು. ಕಚ್... ಕಚ್... ಒಂದೊಂದೇ ಹೊಲಿಗೆ ಕತ್ತರಿಸಿ ಎಳೆದಳು. ದಾರ ಬಂತು. ಒದ್ದೆಯಾಗಿತ್ತು. ಎಳೆದಳು. ಇನ್ನೂ ಬಂತು. ಮಡಿಲು ತುಂಬಿ ನೆಲಕ್ಕಿಳಿಯಿತು... ಮುಚ್ಚಳ ಕೂದಲೆಳೆಯಷ್ಟೂ ಮೇಲೇಳಲಿಲ್ಲ. ಮುಚ್ಚಳಕ್ಕೇ ಕತ್ತರಿ ಹಾಕೋಣವೆಂದರೆ, ಒಳಗಿರುವವನಿಗೆ ತಾಗಿದರೆ? “ಬಂದೆ ಕಣೋ... ಇನ್ನೊಂಚೂರು, ಬಂದೆ” ಅನ್ನುತ್ತಲೇ ಇದ್ದಳು.

ಬೆಳಗಿನ ಜಾವಕ್ಕೆ ಸದ್ದು ಎರಡಕ್ಕೆ ಇಳಿಯಿತು. ಆಮೇಲೆ ಒಂದಕ್ಕೆ. ಆಮೇಲೆ... ಅದೂ ಇಲ್ಲ.

ದೊಡ್ಡಮ್ಮ ಮಗಳ ಕೈಯಿಂದ ಕತ್ತರಿಯನ್ನು ಮೆಲ್ಲಗೆ ಬಿಡಿಸಿಕೊಂಡರು.

“ಅವತ್ತು ಮುಚ್ಚಲಿಲ್ಲ,” ಅಂದರು. “ಇವತ್ತು ಯಾಕೆ ಮುಚ್ಚಿದೆ ಮಗಳೇ?”

ಮೂವತ್ತು ವರ್ಷ ಎಲ್ಲ ಗೊತ್ತಿದ್ದೂ ತುಟಿ ಪಿಟಕ್ ಎಂದಿರಲಿಲ್ಲ, ನಮ್ಮ ದೊಡ್ಡಮ್ಮ.

ಬೆಳಿಗ್ಗೆ ಸುದ್ದಿ ತಿಳಿದು ನಾನು ಹೋದೆ. ನೀವು ಏನಾದರೂ ಅನ್ನಿ, ಕಣ್ಣಾರೆ ಕಂಡಿದ್ದೇನೆ. ನೆಲದ ಮೇಲಿದ್ದ ದಾರವನ್ನು ಉಂಡೆ ಸುತ್ತಿದ್ದು ನಾನೇ, ಇದೇ ಕೈಯಲ್ಲಿ. ರಾತ್ರಿಯಿಡೀ ಕತ್ತರಿಸಿದ್ದಳಲ್ಲ... ಮೊದಲಿಂದ ಕೊನೆಯವರೆಗೆ ಹುಡುಕಿದೆ. ಎಲ್ಲೂ ತುಂಡಾಗಿರಲಿಲ್ಲ. ಒಂದೇ ದಾರ.