ಗುಡ್ಡದ ಮಠದಲ್ಲಿ ಉಳಿದ ಗಜಾನನ

ಅಲ್ಲ ಪುತಾ, ಆ ಫೋನಿನಲ್ಲಿ ಬಿಳೀ ಮನೆ, ನೀಲಿ ಸಮುದ್ರ ಅಂತ ತೋರ್ಸ್ತಿದ್ಯಲ್ಲ, ಆ ಗ್ರೀಸಿನಲ್ಲೇ ನಾನು ಹಸಿದು ಕೂತಿದ್ದೆ, ಗೊತ್ತುಂಟಾ. ಹಡಗಿನಲ್ಲಿ ಖಲಾಸಿ ಆಗಿ ಹೋದದ್ದು. ಹಡಗಿನ ಮಾಲಕ ದಿವಾಳಿ ಆಗಿ ಕೈ ಎತ್ತಿಬಿಟ್ಟ. ಒಂದು ಸಣ್ಣ ಹಳ್ಳಿ, ಮೂವತ್ತು ಮನೆ ಇದ್ದೀತು, ಅಲ್ಲಲ್ಲ, ಅಷ್ಟೂ ಇರ್ಲಿಲ್ಲ, ಅದರ ಎದುರಿಗೆ ಲಂಗರು ಹಾಕ್ಸಿ ನಮ್ಮನ್ನ ಬಿಟ್ಟೇಬಿಟ್ಟ. ಅಕ್ಕಿ ಮುಗೀತು, ಬೇಳೆ ಮುಗೀತು. ಮೀನು ಹಿಡ್ದು ಬೇಯ್ಸಿ ತಿಂದ್ವಿ, ಅನ್ನ ಇಲ್ದೆ ಬರೀ ಮೀನು ಎಷ್ಟು ದಿನ ಗಂಟಲಲ್ಲಿ ಇಳೀತದೆ ಹೇಳು. ಗುಡ್ಡದ ಮೇಲೆ ಅವರದೊಂದು ಮಠ, ನಮ್ಮ ಸದಾಶಿವಗಡದ ಕೋಟೆಗಿಂತ ಹಳೇದಂತೆ, ಗೋಡೆ ತುಂಬ ಸಂತರ ಚಿತ್ರ, ಹೊಗೆ ಹಿಡ್ದು ಕಣ್ಣು ಮಾತ್ರ ಕಾಣೂದು. ಅಲ್ಲಿನ ಮುದಿ ಪಾದ್ರಿ, ಉದ್ದ ಗಡ್ಡದವ, ಕತ್ತೆ ಮೇಲೆ ರೊಟ್ಟಿ ಹೇರಿ ದಡಕ್ಕೆ ಕಳಿಸ್ತಿದ್ದ. ನೀವು ಯಾರು, ಯಾವ ಜಾತಿ ಅಂತ ಕೇಳ್ಲಿಲ್ಲ ಪುಣ್ಯಾತ್ಮ.

ನನ್ನ ಜೊತೆ ನಮ್ಮೂರ ಗಜಾನನ ಇದ್ದ, ಆಚೆ ಕೇರಿ ಪಾರ್ವತಕ್ಕನ ಒಬ್ಬನೇ ಮಗ. ಅವನಿಗೆ ಜ್ವರ ಏರ್ತು. ಮಠದವರು ಎತ್ಕೊಂಡು ಹೋಗಿ ತಮ್ಮ ಮಂಚದಲ್ಲೇ ಮಲಗ್ಸಿ ನೋಡ್ಕೊಂಡ್ರು, ಆದ್ರೂ ಹೋಗಿಬಿಟ್ಟ. ಸುಡೂಕೆ ಆ ದೇಶದಲ್ಲಿ ಬಿಡೂದಿಲ್ಲ ಅಂದ್ರು, ಮಠದ ಹಿತ್ಲಲ್ಲೇ ಮಣ್ಣು ಮಾಡಿದ್ವಿ. ಆಗ ಆ ಪಾದ್ರಿ ಮುರುಕು ಇಂಗ್ಲಿಷಿನಲ್ಲಿ ಹೇಳ್ದ, "ನಮ್ಮಲ್ಲಿ ಮೂರು ವರ್ಷ ಆದ್ಮೇಲೆ ಎಲುಬು ತೆಗ್ದು, ದ್ರಾಕ್ಷಿ ಮದ್ಯದಲ್ಲಿ ತೊಳ್ದು, ಪೆಟ್ಟಿಗೆಯಲ್ಲಿ ಇಡ್ತೇವೆ. ಇವನದೂ ಇಡ್ಲಾ?" ನಮ್ಮ ಮುಖಂಡ ಅಂಕೋಲೆಯ ನಾಗಪ್ಪಣ್ಣ ಎರಡೂ ಕೈ ಅಡ್ಡ ಹಿಡ್ದ. "ಛೆ ಛೆ, ಹೂತವನನ್ನ ಯಾರಾದ್ರೂ ಅಗೀತಾರಾ? ಮುಟ್ಬೇಡಿ ಅಂತ ಹೇಳು ಅವನಿಗೆ." ನಮಗೆಲ್ಲ ಅದೇ ಸರಿ ಕಂಡ್ತು. ಪಾದ್ರಿ ಎದೆ ಮೇಲೆ ಕೈ ಇಟ್ಟು, ಮುಟ್ಟೂದಿಲ್ಲ ಅಂತ ಮಾತು ಕೊಟ್ಟ.

ಕಡೆಗೆ ನಮ್ಮ ಸರ್ಕಾರದವರು ಟಿಕೆಟು ಕೊಡ್ಸಿದ್ಮೇಲೆ ಊರಿಗೆ ಬಂದೆ. ಪಾರ್ವತಕ್ಕ ಸೆರಗು ಒಡ್ಡಿ ನಿಂತ್ಲು. "ಅಸ್ಥಿ ಕೊಡು, ಕಾಳಿ ನದಿಯಲ್ಲಿ ಬಿಡ್ಬೇಕು." ಸುಟ್ಟಿದ್ದಾರೆ ಅಂತ್ಲೇ ಅವಳು ತಿಳ್ಕೊಂಡದ್ದು. ಎಲ್ಲ ಹೇಳ್ದೆ, ಪಾದ್ರಿ ಹೇಳಿದ್ದೂ ಹೇಳ್ದೆ. ಅವಳು ಅಳ್ಲಿಲ್ಲ. "ಮೂರೇ ವರ್ಷ ಅಲ್ದಾ," ಅಂದ್ಲು, "ನಾ ಕಾಯ್ತಿದ್ದೆ. ತೊಳ್ದೂ ಕೊಡ್ತಿದ್ರಲ್ಲ." ಎಲುಬು ತೆಗ್ದಿಡಿ ಅಂತ ಪಾದ್ರಿಗೆ ಆಮೇಲೆ ಹೇಳಿ ಕಳಿಸ್ಬಹುದಿತ್ತು ಅಂತೀಯಾ? ಮಾಜಾಳಿ ಕಡೆ ಎಷ್ಟು ಹಡಗಿನವರ ಹತ್ರ ಹೇಳ್ದೆ, ಆ ಹಳ್ಳಿಗೆ ಹೋದವನು ಒಬ್ಬನೂ ಸಿಗ್ಲಿಲ್ಲ. ಪಾರ್ವತಕ್ಕ ಕೇಳ್ತಾ ಕೇಳ್ತಾನೇ ತೀರ್ಕೊಂಡ್ಲು. ಆ ಪಾದ್ರಿ ಕೊಟ್ಟ ಮಾತು ಉಳಿಸ್ಕೊಂಡಿರ್ತಾನೆ ನೋಡು, ಅದೇ ನನಗೆ ದೊಡ್ಡ ಸಂಕಟ. ಅನ್ನ ಹಾಕಿದವರು ಏನಾದ್ರೂ ಕೊಡ್ತೇವೆ ಅಂದ್ರೆ, ಬೇಡ ಅನ್ನೂ ಮುಂಚೆ ಯಾಕೆ ಅಂತ ಒಂದು ಮಾತು ಕೇಳ್ಬೇಕು ಮಕ್ಕಳೇ, ಅಷ್ಟೇ. ಏಳಿ, ಊಟಕ್ಕಾಯ್ತು.