ಮಾಂಸ ಬೆಳೆಸೋ ಮುಲಾಮು

ಹಲೋ... ಯಾರು ಮಾತಾಡ್ತಿರೋದು?... ಹಾಂ? ಜವರಮ್ಮತ್ಗೆನಾ? ನಂಜನಗೂಡಿಂದ್ಲಾ? ನಾನೇ ಕಣತ್ಗೆ, ಕೆಂಪಾಜಮ್ಮ. ಯೋಳಿ...

ನಿಮ್ ತಮ್ಮ ಎಲ್ಲಿಗೆ ಅಂತ ಯೋಳಿ ಓದ್ರು ಅಂತ್ಲಾ? ಮೊಬ್ಬಿಗೇ ಎದ್ದು ಮೈಸೂರು ಬಸ್ಸತ್ತೀನಿ ಅಂತ ಓದ್ರು, ಕಾಲು ತೋರ್ಸಕ್ಕೆ. ಡಾಕ್ಟ್ರು ಇವತ್ತು ಬನ್ನಿ ಅಂದಿದ್ರಲ್ಲ...

ಊಂ, ವಾಸಿ ಆಯ್ತಾ ಅದೆ. ಅಂಗಾಲಲ್ಲಿ ನಿಂಬೆಣ್ಣು ಕೂರೋ ಅಷ್ಟು ಗುಂಡಿ ಇತ್ತಲ್ಲ, ಈಗ ಉಣಸೆ ಬೀಜದಷ್ಟು ಉಳ್ಕಂಡದೆ. ಪಾದ ತೆಗೀಬೇಕಾಯ್ತದೆ ಅಂದಿದ್ರು, ಅದು ತಪ್ತು...

ದೇವ್ರ ದಯೆ ಇಲ್ಲ ಅಂದ್ನಾ? ಆ ಮುಲಾಮಿನ ದಯೆನೂ ಒಸಿ ಅದೆ ಅಂದೆ ಅಷ್ಟೆ... ಅದೇ, ಗ್ರೋತ್ ಫ್ಯಾಕ್ಟರ್ರು... ಅಯ್ಯೋ, ಮೊಟ್ಟೇಲಿರೋ ಪ್ರೋಟೀನಲ್ಲ ಕಣತ್ಗೆ. ಇದೂ ಪ್ರೋಟೀನೇ, ಆದ್ರೆ ತಿನ್ನೋದಲ್ಲ. ಚರ್ಮಕ್ಕೆ, ಮಾಂಸಕ್ಕೆ ಬೆಳೀರಿ ಅಂತ ಅಪ್ಪಣೆ ಕೊಡೋದಂತೆ. ನಮ್ ಮೈಯಲ್ಲೇ ಇರ್ತದಂತೆ. ಸಕ್ಕರೆ ಕಾಯ್ಲೆಯೋರ ಗಾಯದಲ್ಲಿ ಸರಿಯಾಗಿ ಕೆಲ್ಸ ಮಾಡಲ್ವಂತೆ, ಅದ್ಕೇ ಮೇಲಿಂದ ಅಚ್ಚೋದು. ಡಾಕ್ಟ್ರೇ ಬುಡ್ಸಿ ಯೋಳುದ್ರು...

ಊಂ, ಅಪ್ಪಣೆ ಕೊಟ್ರೆ ಮಾಂಸ ಕೇಳ್ತದೆ. ನಿಮ್ ತಮ್ಮ ಕೇಳ್ಬೇಕಲ್ಲ! ಕಾಲೂರಬ್ಯಾಡಿ, ಊರಬ್ಯಾಡಿ ಅಂತ ನನ್ ಗಂಟ್ಲು ಕಟ್ಟೋಯ್ತು...

ಏನಂದ್ರಿ?... ನಿಮ್ ತಮ್ಮ ನಿಮ್ಮನೇಲೇ ಅವ್ರಾ? ಅಲ್ಲಿಗ್ಯಾಕೆ ಬಂದ್ರು? ಬಸ್ಸಲ್ಲಿ ತಾನೆ?...

ನಡ್ಕಂಡಾ? ನರಸೀಪುರದಿಂದ ನಂಜನಗೂಡ್ಗೆ ನಡ್ಕಂಡಾ?... ಇರಿ, ಒಂದ್ನಿಮ್ಷ...

ಅತ್ಗೆ, ಆಸ್ಪತ್ರೆಯೋರು ಕೊಟ್ಟ ಮೆತ್ತನೆ ಚಪ್ಲಿ ಇಲ್ಲೇ ಬಾಗ್ಲು ಸಂದೀಲಿ ಬಿದ್ದವೆ! ಬರಿಗಾಲಲ್ಲಾ?... ಅರಕೆನಾ? ಯಾರು ಕಟ್ಕಂಡಿದ್ದು?... ನೀವಾ! ತಮ್ಮನ ಕಾಲು ಉಳುದ್ರೆ ನಂಜುಂಡೇಶ್ವರನ ಗುಡಿಗೆ ಬರಿಗಾಲಲ್ಲಿ ನಡೆಸ್ತೀನಿ ಅಂತಾ?... ಕಾಲು ಅವ್ರುದ್ದು, ಅರಕೆ ನಿಮ್ದು. ಚೆನ್ನಾಗದೆ ಬುಡಿ...

ಒಂಚೂರೂ ನೋವಾಗ್ಲಿಲ್ಲ ಅಂದ್ರಾ? ಅದು ನಂಜುಂಡೇಶ್ವರನ ಮೈಮೆ ಅಲ್ಲ ಕಣತ್ಗೆ. ಅವ್ರ ಪಾದಕ್ಕೆ ಅರಿವೇ ಇಲ್ಲ! ಮೊಳೆ ಒಕ್ಕಂಡಿದ್ದು ಗೊತ್ತಾಗ್ದೇ ಅಲ್ವಾ ಈ ಗಾಯ ಆಗಿದ್ದು?...

ಈಗೆಲ್ಲವ್ರೆ?... ರೂಮಲ್ಲಿ ಮಲಗವ್ರಾ? ಓಗಿ, ಅಂಗಾಲು ನೋಡಿ. ಪಟ್ಟಿ ಎಂಗದೆ ನೋಡ್ಬುಟ್ಟು ಬನ್ನಿ. ಕಾಯ್ತೀನಿ...

ಹಾಂ... ಪಟ್ಟಿನೇ ಇಲ್ವಾ?... ಚಾಪೆಯೆಲ್ಲ ರಕ್ತವಾ?... ಎಷ್ಟಗಲ ಆಗದೆ ಅತ್ಗೆ?...

ಮೊದಲ್ಗಿಂತ ದೊಡ್ಡದಾ...

ಇಲ್ಲ, ಇವ್ನಿ, ಲೈನಲ್ಲೇ ಇವ್ನಿ. ತಿಂಗಳುಗಟ್ಟಲೆ ತೊಳ್ದು, ಅಚ್ಚಿ, ಮಗೀಗೆ ಮಾಡ್ದಂಗೆ ಮಾಡಿದ್ದೆ ಕಣತ್ಗೆ...

ಅಳ್ಬ್ಯಾಡಿ. ನೀವತ್ರೆ ಆಗಲ್ಲ, ಕೇಳಿಲ್ಲಿ. ಒಗೆದಿರೋ ಬಟ್ಟೆ ಸುತ್ತಿ, ಆಟೋ ಕರ್ಸಿ, ಸೀದಾ ಮೈಸೂರು ಆಸ್ಪತ್ರೆಗೆ ಕರ್ಕಂಡೋಗಿ. ನಾನೂ ಈಗ್ಲೇ ಬಸ್ಸತ್ತಿ ಬತ್ತೀನಿ... ಅರಿಶಿನ ಬ್ಯಾಡ! ವಿಬೂತಿನೂ ಬ್ಯಾಡ! ಏನೂ ಮೆತ್ಬ್ಯಾಡಿ. ಇಬ್ರು ಗಂಡಸ್ರುನ್ನ ಕರ್ದು ಎತ್ಕಂಡೋಗಿ ಕೂರ್ಸಿ. ಒಂದೆಜ್ಜೆನೂ ಊರ್ಸಬ್ಯಾಡಿ, ತಿಳೀತಾ?...

ಅತ್ಗೆ?... ಯಾರದು ಮಾತಾಡ್ತಿರೋದು?...

ಓ, ನೀವಾ... ಬೈಯಲ್ಲ, ಯೋಳಿ... ಊಂ, ದೇವ್ರ ಮಾತು ತಪ್ಪಬಾರ್ದು, ಡಾಕ್ಟ್ರ ಮಾತು ತಪ್ಬೋದು, ಅಲ್ವಾ?... ಇರ್ಲಿ. ಅಲ್ಲ, ಅತ್ಗೆ ಮನೇಲಿ ಫೋನಿರೋದು ಜಗ್ಲೀಲಿ. ನೀವು ಮಲಗಿದ್ದು ರೂಮಲ್ಲಿ. ಎಂಗ್ ಬಂದ್ರಿ? ಯಾರು ಎತ್ಕಂಡ್ಬಂದ್ರು?... ನಡ್ಕಂಡೇ ಬಂದ್ರಾ?... ಹಲೋ?... ಹಲೋ...